ಸಿದ್ದಯ್ಯನಿಗೆ ಬರುತ್ತಿದ್ದ ಇಂಗ್ಲಿಷ್

ಬೈರಾಪಟ್ಟಣದ ಸಿದ್ದಯ್ಯನಿಗೆ ಇಂಗ್ಲಿಷಿನಲ್ಲಿ ಐದೇ ಪದ ಬರುತ್ತಿದ್ದವು: ನಾನ್ಸೆನ್ಸ್, ಅಬ್ಸರ್ಡ್, ರಿಡಿಕ್ಯುಲಸ್, ಬಾಲ್ಡರ್‌ಡ್ಯಾಶ್, ಪಾಪಿಕಾಕ್. ಊರಿನವರು ಪೌರಾಣಿಕ ನಾಟಕ ಆಡಿದಾಗಲೆಲ್ಲ ದುರ್ಯೋಧನನ ದೂತನ ಪಾತ್ರ ಅವರದೇ. ಜನರನ್ನು ನಗಿಸಲೆಂದು ಹೈಸ್ಕೂಲಿನ ಮೇಷ್ಟ್ರೊಬ್ಬರು ಈ ಪದಗಳನ್ನು ಬರೆದುಕೊಟ್ಟಿದ್ದರು. 'ಎಲ್ಲದಕ್ಕೂ ಅರ್ಥ ಹೆಚ್ಚುಕಡಿಮೆ ಒಂದೇ ಸಿದ್ದಯ್ಯ. ತಲೆಬುಡ ಇಲ್ಲದ್ದು, ನಗು ಬರೋ ಅಂಥದ್ದು' ಎಂದಿದ್ದರಂತೆ. 'ಎಲವೋ ದೂತ, ಪಾಂಡವರು ಏನೆಂದರು?' ಎಂದು ದುರ್ಯೋಧನ ಗುಡುಗಿದರೆ ಸಿದ್ದಯ್ಯ ನಡು ಬಗ್ಗಿಸಿ, 'ಪಾಪಿಕಾಕ್, ಮಹಾಪ್ರಭು' ಎನ್ನುತ್ತಿದ್ದರು. ಜನಕ್ಕೆ ಅದರಲ್ಲಿ ಪಾಪಿಯೂ ಕೇಳಿಸುತ್ತಿತ್ತು, ಕಾಗೆಯೂ ಕೇಳಿಸುತ್ತಿತ್ತು. ಬಿದ್ದುಬಿದ್ದು ನಗುತ್ತಿದ್ದರು.

ನಾನು ಅವರನ್ನು ಕಂಡದ್ದು ೨೦೦೫ರಲ್ಲಿ, ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಕಾರುಗಳಿಗೆ ತಗಡಿನ ಬಿಡಿಭಾಗ ಮಾಡುತ್ತಿದ್ದರು. ನಾನು ಆಫೀಸಿನಲ್ಲಿ ಟೈಪಿಸ್ಟು, ಅವರು ಕ್ಯಾಂಟೀನಿನಿಂದ ಟೀ ತಂದು ಹಂಚುವವರು. 'ತಗೊಳವ್ವ ಲತಾಮಣಿ, ಇವತ್ತು ಟೀ ಒಸಿ ರಿಡಿಕ್ಯುಲಸ್ಸಾಗೈತೆ' ಎಂದು ಲೋಟ ಇಟ್ಟು ಹೋಗುತ್ತಿದ್ದರು.

ತಂಗಿ ದೊಡ್ಡಲಕ್ಷ್ಮಮ್ಮನ ಮಗ ಅನಂತರಾಜುವನ್ನು ಸೂಪರ್‌ವೈಸರಿಗೆ ಹೇಳಿ ಅಲ್ಲಿಗೆ ಸೇರಿಸಿದವರೂ ಅವರೇ. ಅವನಿಗೆ ಪ್ರೆಸ್ ಮಷೀನಿನ ಕೆಲಸ. ತಗಡು ಇಡಬೇಕು, ಮಷೀನು ಮೇಲಿಂದ ಬಂದು ಒತ್ತುತ್ತದೆ. ಕೈ ಒಳಗೆ ಹೋಗದಿರಲೆಂದು ಮುಂದೆ ಅಡ್ಡ ಕಂಬಿ ಇರುತ್ತಿತ್ತು. ಅದರಿಂದ ಕೆಲಸ ನಿಧಾನವಾಗುತ್ತದೆಂದು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅವನು ಕೆಲಸಕ್ಕೆ ಸೇರಿ ಮೂರು ವಾರ ಕಳೆದ ಮೇಲೆ ಒಂದು ಮಂಗಳವಾರ ಅನಂತರಾಜುವಿನ ಬಲಗೈಯ ನಾಲ್ಕು ಬೆರಳು ಹೋದವು. ಟೀ ಕೊಡಲು ಹೋಗಿದ್ದ ಸಿದ್ದಯ್ಯ ಕಣ್ಣಾರೆ ಕಂಡರು. ಹೆಗಲ ಮೇಲಿನ ಟವಲು ಸುತ್ತಿ, ಜೀಪು ಆಸ್ಪತ್ರೆ ಮುಟ್ಟುವ ತನಕ ಆ ಕೈಯನ್ನು ಎತ್ತಿ ಹಿಡಿದೇ ಕೂತಿದ್ದರಂತೆ.

ತಿಂಗಳಾದ ಮೇಲೆ ಕಂಪನಿಯ ವಿಚಾರಣೆ. ಬೆಂಗಳೂರಿನಿಂದ ಸಾಹೇಬರೊಬ್ಬರು ಬಂದಿದ್ದರು. ಬರೆದುಕೊಳ್ಳಲು ನಾನು ಕೂತಿದ್ದೆ. ಸಿದ್ದಯ್ಯ ಕೈಕಟ್ಟಿ ನಿಂತು ಹೇಳಿದರು: 'ಅಡ್ಡ ಕಂಬಿ ಬಿಚ್ಚಿ ಗ್ವಾಡೆಗೆ ಒರಗ್ಸಿದ್ರು ಸ್ವಾಮಿ. ಟೀ ಕೊಡೋಕೆ ಹೋದಾಗೆಲ್ಲ ನೋಡ್ತಿದ್ದೆ. ಹುಡ್ಗಂದು ತಪ್ಪಿಲ್ಲ.'

ಸಾಹೇಬರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬರೆಸಿದರು. ಕಂಬಿ ಇತ್ತು, ಅಜಾಗರೂಕತೆ ಕೆಲಸಗಾರನದೇ, ಸಾಕ್ಷಿ ಹೇಳಿದ್ದು ಅಬ್ಸರ್ಡ್.

ಸಿದ್ದಯ್ಯ ತಲೆ ಎತ್ತಿದರು. 'ಅಬ್ಸರ್ಡ್ ಅಲ್ಲ ಸ್ವಾಮಿ. ನಾನ್ ಹೇಳಿದ್ದು ದಿಟ.'

ಸಾಹೇಬರಿಗೆ ಸೋಜಿಗ. 'ಇಂಗ್ಲಿಷ್ ಬರುತ್ತೇನಯ್ಯ ನಿನಗೆ? ಇನ್ನೇನೇನು ಬರುತ್ತೆ, ಹೇಳು.'

ಉತ್ತರ ಕೊಡದಿದ್ದರೆ ಅಳಿಯನಿಗೆ ತೊಂದರೆಯಾದೀತು ಅನ್ನಿಸಿತೋ ಏನೋ, ಸಿದ್ದಯ್ಯ ನೆಟ್ಟಗೆ ನಿಂತು ಒಪ್ಪಿಸಿದರು. 'ನಾನ್ಸೆನ್ಸ್. ರಿಡಿಕ್ಯುಲಸ್. ಬಾಲ್ಡರ್‌ಡ್ಯಾಶ್. ಪಾಪಿಕಾಕ್.'

ಸಾಹೇಬರು ಮೇಜು ತಟ್ಟಿ ನಕ್ಕರು. ಮ್ಯಾನೇಜರು ನಕ್ಕರು. ಏನೂ ಅರ್ಥವಾಗದಿದ್ದರೂ ಸೂಪರ್‌ವೈಸರು ನಕ್ಕ. ನಾನೂ ನಕ್ಕೆ. ಅನಂತರಾಜು ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ನಗು ನಿಂತ ಮೇಲೆ ಕಂಬಿಯ ಮಾತನ್ನು ಯಾರೂ ಎತ್ತಲಿಲ್ಲ. ಸಾಹೇಬರು ಕಣ್ಣೊರೆಸಿಕೊಂಡು, ನಾನು ಟೈಪ್ ಮಾಡಿಕೊಟ್ಟ ಹಾಳೆಗೆ ಸಹಿ ಹಾಕಿದರು.

ಹೊರಗೆ ಬೆಂಚಿನ ಮೇಲೆ ದೊಡ್ಡಲಕ್ಷ್ಮಮ್ಮ ಕಾಯುತ್ತಿದ್ದರು. 'ಒಳಗೆ ಎಲ್ರೂ ನಗ್ತಿದ್ರಲ್ಲಣ್ಣ. ಒಳ್ಳೇದಾಯ್ತಾ?' ಎಂದು ಕೇಳಿದರು.

ಸಿದ್ದಯ್ಯ ತಂಗಿಯ ಪಕ್ಕ ಕೂತರು. 'ಇಲ್ಲ ಕಣವ್ವ. ನನ್ನ ನೋಡಿ ನಕ್ಕಿದ್ದು ಅದು.'

ಅನಂತರಾಜುವಿಗೆ ಕೆಲಸವೂ ಉಳಿಯಲಿಲ್ಲ, ಪರಿಹಾರವೂ ಬರಲಿಲ್ಲ. ಸಿದ್ದಯ್ಯ ಆ ವಾರವೇ ಕಾರ್ಖಾನೆ ಬಿಟ್ಟರು. ಮುಂದಿನ ವರ್ಷ ನಾಟಕದವರು ಮನೆಗೆ ಬಂದು ಕರೆದಾಗ, 'ಬೇರೆಯೋರ್ಗೆ ಕೊಡ್ರಪ್ಪ ಆ ಪಾತ್ರ' ಎಂದು ಕಳಿಸಿಬಿಟ್ಟರಂತೆ.

ಎರಡು ವರ್ಷದ ಮೇಲೆ ನಾನು ಬೈರಾಪಟ್ಟಣಕ್ಕೆ ಹೋದೆ. ಮಾವ, ಅಳಿಯ ಇಬ್ಬರೂ ರೇಷ್ಮೆಹುಳು ಮನೆಯಲ್ಲಿದ್ದರು. ಅನಂತರಾಜು ಎಡಗೈಯಿಂದ ಹಿಪ್ಪುನೇರಳೆ ಕಡ್ಡಿಯ ಸೊಪ್ಪು ಬಿಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ಆಚೆ ಹೋದ.

'ಅವತ್ತು ನಾನೂ ನಕ್ಕುಬಿಟ್ಟೆ ಸಿದ್ದಯ್ಯ' ಎಂದೆ.

'ನೋಡ್ದೆ ಕಣವ್ವ' ಎಂದರು. ಆಮೇಲೆ ಸೊಪ್ಪಿನ ಮಂಕರಿ ಹತ್ತಿರಕ್ಕೆ ಎಳೆದುಕೊಂಡು, ಅನಂತರಾಜು ಬಿಟ್ಟುಹೋದ ಕಡ್ಡಿಯನ್ನು ಕೈಗೆತ್ತಿಕೊಂಡರು.