ಸ್ವಿಚ್ಚಿಗೆ ತಗಲುವ ಕೈ

ನನ್ನ ಗಿಟಾರಿನ ಸ್ವಿಚ್ಚು ಇರುವ ಜಾಗವೇ ಸರಿಯಿಲ್ಲ ಎಂದು ನಾನು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಮೈಮೇಲೆ, ತಂತಿಗಳ ಅಡಿಯಲ್ಲಿ, ಪಿಕಪ್‌ಗಳಿರುತ್ತವೆ. ತಂತಿಯ ನಡುಕ ಹಿಡಿದು ಸ್ಪೀಕರಿಗೆ ಕಳಿಸುವುದು ಅವುಗಳ ಕೆಲಸ. ನನ್ನದರಲ್ಲಿ ಮೂರಿವೆ. ಕುತ್ತಿಗೆಯ ಕಡೆಯದು ದುಂಡಗೆ, ಬೆಚ್ಚಗೆ ಕೇಳಿಸುತ್ತದೆ. ಹಿಂದಿನದು ತೆಳ್ಳಗೆ, ಚೂಪಾಗಿ. ಯಾವುದು ಬೇಕೆಂದು ಆರಿಸುವ ಸ್ವಿಚ್ಚು ಕೊನೆಯ ತಂತಿ ದಾಟಿದ ಕೂಡಲೇ, ಮೀಟುವ ಕೈಯ ದಾರಿಯಲ್ಲೇ ಕೂತಿದೆ. ಬೇರೆ ಕೆಲವು ಗಿಟಾರುಗಳಲ್ಲಿ ಅದನ್ನು ಮೇಲೆ, ಹೆಗಲ ಕಡೆ ಇಟ್ಟಿರುತ್ತಾರೆ. ನಾನು ಫೋನಿನಲ್ಲಿ ವೀಡಿಯೊ ನೋಡಿ ನೋಡಿ ಕಲಿತವಳು. ಆ ವೀಡಿಯೊಗಳಲ್ಲಿ ಯಾರ ಕೈಯೂ ಸ್ವಿಚ್ಚಿಗೆ ತಗಲಿದ್ದನ್ನು ಕಾಣೆ.

ನನ್ನದು ತಗಲುತ್ತಿತ್ತು. ಅದೂ ದೊಡ್ಡಮ್ಮನ ಮಗನ ಎದುರಿಗೇ!

ಸೇಲಂನಲ್ಲಿ ಅವನದೊಂದು ಮದುವೆ ಆರ್ಕೆಸ್ಟ್ರಾ. ಅವನೇ ಕೀಬೋರ್ಡು. ಹರೂರಿನ ಒಂದು ರಿಸೆಪ್ಷನ್ನಿಗೆ ಮೊದಲ ಸಲ ನನ್ನನ್ನು ಸೇರಿಸಿಕೊಂಡಿದ್ದ. ನಮ್ಮ ಮನೆಮಾತು ಕನ್ನಡವೇ, ಆದರೆ ಬಾಯಲ್ಲಿ ‘ಹ’ ಉದುರಿ ಹರೂರು ಅರೂರಾಗುತ್ತದೆ, ಅಣ್ಣನ ಮಾತಿಗೆ ತಮಿಳೂ ಬೆರೆಯುತ್ತದೆ. ಅವನ ಮನೆಯ ಮಹಡಿಯ ಮೇಲೆ ಪ್ರಾಕ್ಟೀಸು ನಡೆಯುವಾಗ ಹಾಡಿನ ನಟ್ಟನಡುವೆ ನನ್ನ ಕೈ ಸ್ವಿಚ್ಚನ್ನು ತಳ್ಳಿತು. ದುಂಡಗಿದ್ದ ಸ್ವರ ತಗಡು ಕೆರೆದ ಹಾಗಾಯಿತು.

"ಏನ್ಲೇ, ಗಿಟಾರ್‌ಗೆ ಜ್ವರ ಬಂತಾ?"

"ಸ್ವಿಚ್ಚಿಗೆ ಕೈ ತಗಲ್ತು ಅಣ್ಣಾ."

"ಪಾಟ್ಟು ಮಧ್ಯದಾಗೆ ಇಂಗಾದ್ರೆ ಆಡೋರು ಎಂಗೆ ಆಡ್ತಾರೆ? ಭಾನುವಾರ ಇನ್ನೊಂದ್ ಪ್ರಾಕ್ಟೀಸ್ ಐತೆ. ಅವತ್ತೂ ಇದೇ ಕತೆ ಆದ್ರೆ ಅರೂರಿಗೆ ಬ್ಯಾರೆಯೋನ್ನ ಕರ್ಕಂಡೋಗ್ತೀನಿ. ತಂಗಚ್ಚಿ ಅಂತೆಲ್ಲ ನೋಡಕಾಗಲ್ಲ."

ಅವನು ತಮಾಷೆಗೆ ಹೇಳಲಿಲ್ಲ. ಮನೆಗೆ ಬಂದು ಅಳುಮುಖ ಮಾಡಿಕೊಂಡು ಅವ್ವನಿಗೆ ಹೇಳಿದೆ. ಅವ್ವ ಮಗ್ಗದಿಂದ ಏಳಲೂ ಇಲ್ಲ.

"ಅಷ್ಟೇನಾ? ಕಟ್ಟಾಕು."

ನಮ್ಮ ಮನೆಯಲ್ಲಿ ಅಲ್ಲಾಡುವುದನ್ನೆಲ್ಲ ನೂಲಿನಿಂದ ಕಟ್ಟುತ್ತೇವೆ. ಸೌಟಿನ ಹಿಡಿ, ಪ್ಲಗ್ಗು, ನನ್ನ ಕನ್ನಡಕದ ಕಾಲು, ಎಲ್ಲಕ್ಕೂ ನೇಯ್ದು ಮಿಕ್ಕ ರೇಷ್ಮೆ ನೂಲೇ ಮದ್ದು. ಅವ್ವ ಸ್ವಿಚ್ಚಿಗೆ ನೂಲು ಸುತ್ತಿ, ಪಕ್ಕದ ವಾಲ್ಯೂಮ್ ಗುಂಡಿಗೆ ಬಿಗಿದು, ತುದಿಯನ್ನು ಹಲ್ಲಿನಿಂದ ಕಡಿದಳು. ಎಷ್ಟು ಜೋರಾಗಿ ಬಾರಿಸಿದರೂ ಅದು ಕದಲಲಿಲ್ಲ. ಗೆದ್ದೆ ಅಂದುಕೊಂಡೆ.

ಮನೆಯಲ್ಲೇ ಆ ಹಾಡನ್ನು ಬಾರಿಸುತ್ತಾ ಹೋದಂತೆ, ನಡುವೆ ಗಿಟಾರು ಒಂದೇ ಹಾಡಿಕೊಳ್ಳುವ ಜಾಗ ಬಂತು. ಅಲ್ಲಿ ಚೂಪು ಸ್ವರ ಬೇಕು. ಕಿರುಬೆರಳು ತಾನಾಗಿ ಸ್ವಿಚ್ಚಿಗೆ ಹೋಯಿತು. ಸ್ವಿಚ್ಚು ಜಪ್ಪಯ್ಯ ಅನ್ನಲಿಲ್ಲ. ಆಗ ಹೊಳೆಯಿತು ನೋಡಿ: ಅದು ಹೆಗಲ ಕಡೆ ಇದ್ದಿದ್ದರೆ ಮೀಟುವುದನ್ನು ಬಿಟ್ಟು ಕೈಯನ್ನು ಅಲ್ಲಿತನಕ ಒಯ್ಯಬೇಕಿತ್ತು. ಇಲ್ಲಿರುವುದರಿಂದಲೇ ಹಾಡಿನ ಎರಡು ಸಾಲುಗಳ ಸಂದಿಯಲ್ಲಿ ಬೆರಳೊಂದೇ ಹೋಗಿ ಬರುತ್ತದೆ. ಇಷ್ಟು ದಿನ ಬೈದ ಜಾಗವೇ ನನಗೆ ಬೇಕಾದ ಜಾಗ. ನೂಲನ್ನು ಕತ್ತರಿಸಿದೆ.

ಮಗ್ಗದ ಪಕ್ಕ ನಿಂತು ಸ್ಪೀಕರಿಲ್ಲದೆ ಮತ್ತೆ ಬಾರಿಸತೊಡಗಿದೆ. ಅವ್ವನ ಮಗ್ಗದ ಸದ್ದು ನಿಂತಿತು.

"ಇನ್ನೊಂದ್ ಕಿತ ಒಡಿ."

ಬಾರಿಸಿದೆ. ಅವ್ವ ನಗಲು ಶುರುಮಾಡಿದಳು. "ಲೇ, ನೀನ್ ಗಿಟಾರ್ ಒಡೀತಿಲ್ಲ ಕಣೇ, ಲಾಳಿ ಎಳೀತಿದ್ದೀಯಾ!"

ಶಾಲೆಯ ರಜೆಗಳಲ್ಲೆಲ್ಲ ನಾನು ಆ ಮಗ್ಗಕ್ಕೆ ಕೂತವಳು. ಮೇಲಿಂದ ಇಳಿಬಿದ್ದ ಹಗ್ಗದ ಹಿಡಿಯನ್ನು ಬಲಗೈಯಲ್ಲಿ ಜಗ್ಗಿದರೆ ಅಡ್ಡನೂಲು ಹೊತ್ತ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಅರ್ಧಕ್ಕೆ ಕೈ ತಡೆದರೆ ಅದು ನಡುವೆಯೇ ನಿಂತು ನೂಲು ಹರಿಯುತ್ತದೆ. ಹಾಗಾಗಿ ಜಗ್ಗಿದ ಕೈ ಪೂರ್ತಿ ಕೆಳಗಿಳಿಯಲೇಬೇಕು. ಗಿಟಾರಿನಲ್ಲೂ ನನ್ನ ಕೈ ಅದನ್ನೇ ಮಾಡುತ್ತಿತ್ತು. ತಂತಿ ಮುಗಿದರೂ ಅದು ನಿಲ್ಲುತ್ತಿರಲಿಲ್ಲ.

"ಅಂಗಾದ್ರೆ ನಾನ್ ಕೈ ಬದಲಾಯಿಸ್ಬೇಕಾ ಅವ್ವಾ? ಭಾನುವಾರದೊಳಗೆ?"

"ಕೈ ಯಾಕೆ ಬದಲಾಯಿಸ್ತೀಯಾ? ನೀನ್ ಮಗ್ಗಕ್ಕೆ ಕೂತ್ರೆ ನಾನ್ ಏನ್ ಮಾಡ್ತೀನಿ?"

ಹಗ್ಗ ಬಿಚ್ಚಿ ಕಟ್ಟುತ್ತಾಳೆ. ಅವ್ವ ಎತ್ತರದವಳು, ನಾನು ಕುಳ್ಳಿ. ಕೂತವರ ತೋಳಿಗೆ ತಕ್ಕಂತೆ ಗಂಟನ್ನು ಸರಿಸದೆ ನಮ್ಮಲ್ಲಿ ಯಾರೂ ನೇಯುವುದಿಲ್ಲ. ಗಿಟಾರನ್ನು ಮಾತ್ರ ನಾನು ವೀಡಿಯೊದವರಂತೆ ಸೊಂಟದ ಕೆಳಗೆ ತೂಗುಬಿಟ್ಟಿದ್ದೆ. ಅವ್ವ ಎದ್ದು ಬಂದು ಹೆಗಲಿನ ಬಟ್ಟೆಪಟ್ಟಿಯನ್ನು ಮೇಲಕ್ಕೆಳೆದು ಬೆನ್ನ ಹಿಂದೆ ಒಂದು ಗಂಟು ಹಾಕಿದಳು. ಗಿಟಾರು ಎದೆಗೆ ಬಂತು. ಮೊಣಕೈ ಮಡಚಿಕೊಂಡಿತು. ಈಗ ಎಷ್ಟು ಜಗ್ಗಿದರೂ ಕೈ ಕೊನೆಯ ತಂತಿ ದಾಟಿ ಸ್ವಿಚ್ಚಿಗೆ ಕೂದಲೆಳೆಯಷ್ಟು ಈಚೆಗೆ ನಿಲ್ಲುತ್ತಿತ್ತು. ಕಿರುಬೆರಳು ಚಾಚಿದರೆ ಸಿಗುತ್ತಿತ್ತು.

"ನೋಡಕ್ ಚೆನ್ನಾಗಿಲ್ಲ ಅವ್ವಾ."

"ಕೇಳಕ್ ಎಂಗೈತೆ, ಅದೇಳು."

ಭಾನುವಾರ ಅಣ್ಣ ನನ್ನನ್ನು ಕಂಡವನೇ ಕೀಬೋರ್ಡಿನ ಮೇಲೆ ಬಿದ್ದು ನಕ್ಕ. "ಏನ್ಲೇ, ಕೂಸ್ ಎತ್ಕಂಡು ಬಂದಂಗೈತೆ! ಪಾಲ್ ಕುಡಿಸ್ತೀಯಾ?" ಡ್ರಮ್ಮಿನವನೂ ನಕ್ಕ. ಕಿವಿ ಬಿಸಿಯಾಯಿತು. ಹಾಡು ಶುರುವಾದ ಮೇಲೆ ಎಲ್ಲ ಮರೆತು ಲಾಳಿ ಎಳೆದ ಹಾಗೇ ಎಳೆದೆ. ಸ್ವರ ದುಂಡಗೇ ಇತ್ತು. ನಡುವಿನ ಜಾಗಕ್ಕೆ ಬೆರಳು ಹೋಗಿ ಚೂಪಾಯಿತು, ಮತ್ತೆ ಬಂದು ದುಂಡಗಾಯಿತು.

ಹಾಡು ಮುಗಿದಾಗ ಅಣ್ಣ ನಗುತ್ತಿರಲಿಲ್ಲ. "ಅರೂರ್‌ಗೆ ವ್ಯಾನು ಮಧ್ಯಾಹ್ನನೇ ಒರಡ್ತೈತೆ. ಊಟ ಮುಗಿಸ್ಕಂಡು ಸೀಕ್ರಂ ಬಂದ್ಬಿಡು" ಎಂದ. ಆಮೇಲೆ, "ಕೊಡಿಲ್ಲಿ" ಎಂದು ಗಿಟಾರನ್ನು ತಾನೂ ಹಾಕಿಕೊಂಡ. ಅದು ಅವನ ಗಂಟಲಿಗೆ ಬಂತು. ಅವನ ಬೆರಳು ಗಂಟಿನ ಕಡೆ ಹೋಯಿತು.

"ಅಣ್ಣಾ, ಬಿಚ್‌ಬ್ಯಾಡ! ಅದು ನನ್ನಳತೆ, ಅವ್ವ ಕಟ್ಟಿದ್ದು."

ಅವನು ಗಂಟು ಮುಟ್ಟದೆ ಪಟ್ಟಿಯನ್ನು ತಲೆಯ ಮೇಲಿಂದ ತೆಗೆದು ಗಿಟಾರನ್ನು ಎರಡೂ ಕೈಯಲ್ಲಿ ಕೊಟ್ಟ, "ತಗೋ ನಿನ್ ಕೂಸು" ಅಂತ.