ಕನ್ನಡಕದ ಡಬ್ಬಿಯ ಔಷಧಾಲಯ

ಇಂದ್ರಾಣಿಯನ್ನು ಕಂಡ ರೋಗಿಗಳು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನೀವು ಡಾಕ್ಟ್ರಾ, ನರ್ಸಾ?" ಎರಡೂ ಅಲ್ಲ ಎಂದರೆ ಅವರ ಮುಖದ ಗೌರವ ಅರ್ಧಕ್ಕೆ ಇಳಿಯುತ್ತಿತ್ತು. ಕ್ಲಿನಿಕಲ್ ಫಾರ್ಮಸಿಸ್ಟ್ ಎಂದರೆ ಉಳಿದರ್ಧವೂ ಹೋಗಿ, "ಓ, ಕೆಳಗಡೆ ಮೆಡಿಕಲ್ ಶಾಪಿನೋರಾ" ಎನ್ನುತ್ತಿದ್ದರು.

ಅವಳು ಆರು ವರ್ಷ ಓದಿ, ಜಯನಗರದ ಆ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಸವೆಸಿದ್ದಳು. ಬರೆದ ಔಷಧಿ ಆ ರೋಗಿಯ ವಯಸ್ಸಿಗೆ, ಕಿಡ್ನಿಗೆ, ಅವನು ಆಗಲೇ ನುಂಗುತ್ತಿರುವ ಬೇರೆ ಮಾತ್ರೆಗಳಿಗೆ ಒಗ್ಗುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಒಗ್ಗದಿದ್ದರೆ ಡಾಕ್ಟರಿಗೆ ಹೇಳಬೇಕು. ಡಾಕ್ಟರಿಗೆ ತಪ್ಪು ತೋರಿಸುವುದು ಸುಲಭದ ಮಾತಲ್ಲ. ಇಂದ್ರಾಣಿ ಅದನ್ನು "ಸಾರ್, ನಂಗೊಂದು ಡೌಟು" ಎಂದು ಶುರುಮಾಡುತ್ತಿದ್ದಳು. ಅವಳಿಗೆ ಡೌಟು ಬಂದಿದೆ ಅಂದರೆ ಡಾಕ್ಟರ್ ಶಶಿಕಾಂತ್ ಮರುಮಾತಿಲ್ಲದೆ ಜೇಬಿನ ಪೆನ್ನಿಗೆ ಕೈಹಾಕುತ್ತಿದ್ದರು.

ಕಳೆದ ಜುಲೈಯಲ್ಲಿ ಮೂರನೇ ಮಹಡಿಯ ವಾರ್ಡಿಗೆ ರೇವಣಸಿದ್ದಪ್ಪ ಬಂದು ಸೇರಿದರು. ಎಪ್ಪತ್ತೊಂದು ವಯಸ್ಸು, ಮನೆ ಕುಮಾರಸ್ವಾಮಿ ಲೇಔಟ್‌ನಲ್ಲಿ. ಮೂವತ್ತು ವರ್ಷ ಸ್ಟೀಲ್ ಪಾತ್ರೆ ಅಂಗಡಿ ನಡೆಸಿದವರು. ಹಣೆ ತುಂಬ ವಿಭೂತಿ, ಕಾಲು ತುಂಬ ಬಾವು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಲೆಕ್ಕ, ಅಂದರೆ ಕ್ರಿಯಾಟಿನಿನ್, ಇರಬೇಕಾದ್ದಕ್ಕಿಂತ ಮೇಲಿತ್ತು. ಕಿಡ್ನಿಗೆ ಭಾರವಾಗುವ ಔಷಧಿಗಳನ್ನೆಲ್ಲ ಡಾಕ್ಟರ್ ನಿಲ್ಲಿಸಿದರು. ಮೂರು ದಿನ ಕಳೆದರೂ ಅದು ಇಳಿಯಲಿಲ್ಲ, ತುಸು ಏರಿತು.

"ದೊಡ್ಡ ಟೆಸ್ಟ್‌ಗಳಿಗೆ ಬರೀಲಾ?" ಎಂದು ಶಶಿಕಾಂತ್ ತಲೆ ಕೆರೆದುಕೊಂಡರು.

"ಸಾರ್, ನಂಗೊಂದು ಡೌಟು. ಒಂದು ದಿನ ಕೊಡಿ."

ಅವಳು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಅಂಕಲ್, ನಾವು ಕೊಡೋದು ಬಿಟ್ಟು ಬೇರೆ ಏನಾದ್ರೂ ತಗೋತಿದೀರಾ? ಕಷಾಯ, ಪುಡಿ, ನೋವಿನ ಮಾತ್ರೆ?"

"ಇಲ್ಲಮ್ಮ. ಗಾಳಿ, ನೀರು, ಶಿವನಾಮ, ಅಷ್ಟೇ."

ಪಕ್ಕದಲ್ಲಿದ್ದ ಅವರ ಹೆಂಡತಿ ನೀಲಗಂಗಮ್ಮ ಇದ್ದಕ್ಕಿದ್ದಂತೆ ಕಿಟಕಿಯಾಚೆ ನೋಡತೊಡಗಿದರು. ಕಿಟಕಿಯಾಚೆ ಇದ್ದದ್ದು ಬರೀ ಗೋಡೆ.

ಇಂದ್ರಾಣಿ ಇನ್ನೊಂದನ್ನೂ ಗಮನಿಸಿದ್ದಳು. ಬೆಳಿಗ್ಗೆ ಎಂಟಕ್ಕೆ ಮೊಣಕಾಲು ಹಿಡಿದು "ಶಿವಶಿವಾ" ಎನ್ನುತ್ತ ಬಾತ್‌ರೂಮಿಗೆ ಹೋಗುವ ಈ ಮನುಷ್ಯ, ಹನ್ನೊಂದರ ಹೊತ್ತಿಗೆ ಹೊಸ ಮದುಮಗನ ಹಾಗೆ ವರಾಂಡದಲ್ಲಿ ಅಡ್ಡಾಡುತ್ತಿದ್ದರು. ಕಾಗದದ ಮೇಲೆ ಮಾತ್ರ ಅವರಿಗೆ ಒಂದೇ ಒಂದು ನೋವಿನ ಮಾತ್ರೆಯೂ ಇರಲಿಲ್ಲ.

ಮಧ್ಯಾಹ್ನ ಅವಳು ವಾರ್ಡಿಗೆ ಕುಂಟುತ್ತ ಬಂದಳು. ಎರಡು ಮಂಚ ದಾಟುವಷ್ಟರಲ್ಲಿ ಮೂರು ಸಲ ನಿಂತಳು.

"ಏನಮ್ಮ, ಕಾಲಿಗೇನಾಯ್ತು?" ಎಂದರು ರೇವಣಸಿದ್ದಪ್ಪ.

"ಮಂಡಿ ನೋವು ಅಂಕಲ್. ಈ ಮೆಟ್ಲು ಹತ್ತಿ ಇಳ್ದು ಸಾಕಾಗಿದೆ. ನಮ್ಮ ಫಾರ್ಮಸಿ ಮಾತ್ರೆ ಒಂದೂ ಹಿಡೀತಿಲ್ಲ."

ಮುದುಕರು ಬಾಗಿಲ ಕಡೆ ನೋಡಿದರು. ನರ್ಸ್ ಇರಲಿಲ್ಲ. ದನಿ ತಗ್ಗಿಸಿ, "ಗಂಗೂ, ನನ್ನ ಕನ್ನಡಕದ ಡಬ್ಬಿ ಕೊಡು" ಎಂದರು.

"ಕನ್ನಡಕ ನಿಮ್ಮ ಮೂಗ್ ಮೇಲೇ ಇದೆ" ಎಂದರು ನೀಲಗಂಗಮ್ಮ. ಆದರೂ ಡಬ್ಬಿಯನ್ನು ಕೊಟ್ಟರು.

ಒಳಗೆ ಪಟ್ಟಿಯಿಂದ ಕತ್ತರಿಯಲ್ಲಿ ಚೌಕ ಚೌಕವಾಗಿ ಕತ್ತರಿಸಿಟ್ಟ ಮಾತ್ರೆಗಳು, ಹೆಸರಿಲ್ಲ, ತಾರೀಖಿಲ್ಲ. ರೇವಣಸಿದ್ದಪ್ಪನವರು ಗಿರಾಕಿಗೆ ಲೋಟ ತೋರಿಸುವವರಂತೆ ಒಂದೊಂದನ್ನೇ ಎತ್ತಿ ಹಿಡಿದರು. "ಈ ಕೆಂಪು ಮಂಡಿಗೆ. ಹಳದಿ ಸೊಂಟಕ್ಕೆ. ಊಟ ಆದ್ಮೇಲೆ ಒಂದು ಹಾಕೊಳ್ಳಿ, ಸಂಜೆ ಓಡ್ತೀರ. ನಮ್ಮ ಪಾರ್ಕಲ್ಲಿ ಎಲ್ರಿಗೂ ನಾನೇ ಕೊಡೋದು."

"ಎಷ್ಟು ಜನಕ್ಕೆ ಅಂಕಲ್?"

"ಹನ್ನೊಂದು ಜನ. ಚನ್ನಬಸವಯ್ಯಂಗೆ ದಿನಾ ಎರಡು. ಅವ್ನಿಗೆ ಹಾರ್ಟಲ್ಲಿ ಸ್ಟೆಂಟ್ ಹಾಕಿದಾರೆ, ಪಾಪ."

ಇಂದ್ರಾಣಿ ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೆಟ್ಟಗೆ ನರ್ಸ್ ಟೇಬಲ್ಲಿನ ಕಡೆ ನಡೆದಳು.

"ಕುಂಟೋದು ಮರ್ತ್ರಿ" ಎಂದು ನೀಲಗಂಗಮ್ಮ ಹಿಂದಿನಿಂದ ಕೂಗಿದರು. ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ಅವರು ನಕ್ಕಿದ್ದರು.

ರೇವಣಸಿದ್ದಪ್ಪ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಇಂದ್ರಾಣಿ ಆ ಬೆನ್ನಿಗೇ ವಿವರಿಸಿದಳು. ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ, ಅದರ ಮೇಲೆ ಈ ಕೆಂಪು ಮಾತ್ರೆ, ಮೂರೂ ಸೇರಿ ಮನೆಯಲ್ಲೇ ಕಿಡ್ನಿಯನ್ನು ಹಿಂಡಿವೆ. ಇಲ್ಲಿಗೆ ಬಂದ ಮೇಲೂ ಕೆಂಪು ಅದನ್ನು ಸುಧಾರಿಸಲು ಬಿಡುತ್ತಿಲ್ಲ. ಬೆನ್ನು ಅಲುಗಲಿಲ್ಲ. ಎರಡು ದಿನ ಕಳೆದು ಲೆಕ್ಕ ಇಳಿದ ಕಾಗದ ಬಂದಾಗ ಮಾತ್ರ ಮುದುಕರು ಈಚೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಮೇಡಂ, ಸ್ಟೆಂಟ್ ಇರೋರಿಗೆ ಇದು ಆಗ್ಬರುತ್ತಾ?"

"ಒಳ್ಳೇದಲ್ಲ ಅಂಕಲ್."

"ಹಂಗಾದ್ರೆ ಇವತ್ತೇ ನಿಲ್ಸ್ಬೇಕು." ಅವರು ಆಗಲೇ ಚನ್ನಬಸವಯ್ಯನಿಗೆ ಫೋನ್ ಮಾಡಿ, ಮಾತ್ರೆ ಮುಟ್ಟಿದರೆ ಮಾತು ಬಿಡುತ್ತೇನೆ ಎಂದು ಹೆದರಿಸಿ ಆಣೆ ಹಾಕಿಸಿಕೊಂಡರು. ಆಮೇಲೆ ಗಡ್ಡ ಉಜ್ಜುತ್ತ ಯೋಚಿಸಿದರು. "ಮಿಕ್ಕೋರು ವಾಪಸ್ ಕೊಡಿ ಅಂದ್ರೆ ಕೊಡಲ್ಲ, ಮನೇಲಿ ಬಚ್ಚಿಡ್ತಾರೆ. ಇದಕ್ಕೆ ಅಂಗಡಿ ಬುದ್ಧೀನೇ ಬೇಕು." ಒಬ್ಬೊಬ್ಬರಿಗೂ ಫೋನ್ ಹಚ್ಚಿದರು. "ಭಾನುವಾರ ಎಕ್ಸ್‌ಚೇಂಜ್ ಮೇಳ. ಮನೇಲಿರೋ ಹಳೇ ಮಾತ್ರೆ ಎಲ್ಲಾ ತನ್ನಿ. ಕಂಪ್ನಿ ಮೇಡಂ ಬಂದು ಹೊಸಾದು ಕೊಡ್ತಾರೆ. ಅಲ್ಲೀ ತನಕ ಒಂದೂ ನುಂಗ್ಬೇಡಿ, ನುಂಗಿದ್ರೆ ಆಫರ್ ಕ್ಯಾನ್ಸಲ್."

ಭಾನುವಾರ ಬೆಳಿಗ್ಗೆ ಆರೂವರೆಗೆ ಪಾರ್ಕಿನ ಬೆಂಚಿನಲ್ಲಿ ಕೂತ ಇಂದ್ರಾಣಿಯ ಮುಂದೆ ಸಾಲು ನಿಂತಿತ್ತು. ಹನ್ನೊಂದು ಚೀಲ. ಕೊನೆಯಲ್ಲಿ, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಬಟ್ಟೆ ಚೀಲ ಹಿಡಿದು ನಿಂತಿದ್ದವರು ರುದ್ರಮ್ಮ, ಇಂದ್ರಾಣಿಯ ತಾಯಿ.

ಅಮ್ಮ ದಿನಾ ಇಲ್ಲಿಗೆ ವಾಕಿಂಗ್ ಬರುವುದು ಅವಳಿಗೆ ಗೊತ್ತಿತ್ತು. ಕೆಂಪು ಮಾತ್ರೆಯ ಗಿರಾಕಿ ಎಂಬುದು ಗೊತ್ತಿರಲಿಲ್ಲ.

"ಕಂಪ್ನಿ ಮೇಡಂ ನೀನೇನಾ?" ಎಂದರು ರುದ್ರಮ್ಮ, ಚೀಲವನ್ನು ಬೆನ್ನ ಹಿಂದೆ ಸರಿಸುತ್ತ.

"ಅಮ್ಮಾ, ಮನೇಲಿ ನಾನಿದ್ದೀನಿ. ನನ್ನ ಕೇಳ್ಬಾರ್ದಾಗಿತ್ತಾ?"

"ನಿನ್ನ ಕೇಳಿದ್ರೆ ತಿರುಗಿ ಇಪ್ಪತ್ತು ಪ್ರಶ್ನೆ ಕೇಳ್ತೀಯ. ರೇವಣಸಿದ್ದಪ್ಪನೋರು ಒಂದೂ ಕೇಳ್ದೆ ಕೊಡ್ತಿದ್ರು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಇಂದ್ರಾಣಿಯೂ ನಕ್ಕಳು, ಆದರೆ ಆ ಮಾತು ಅವಳಿಗೆ ನಾಟಿತು. ಚೀಲಗಳೆಲ್ಲ ಅವಳ ಕೈಸೇರಿದ ಮೇಲೆ, ಹೊಸ ಮಾತ್ರೆ ಇಲ್ಲವೆಂದು ತಿಳಿದಾಗ ಇಬ್ಬರು ಜಗಳಕ್ಕೇ ನಿಂತರು. ಚನ್ನಬಸವಯ್ಯನವರನ್ನು ಅವಳು ಅಲ್ಲಿಂದಲೇ ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಪುಣ್ಯಕ್ಕೆ ಅವರ ಹೃದಯಕ್ಕೆ ಏನೂ ಆಗಿರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ರುದ್ರಮ್ಮ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದರು, ಒಂದು ಕಾಲಿನ ಮೇಲೆ ಭಾರ ಹಾಕಿ. ಇಂದ್ರಾಣಿ ಏನನ್ನೂ ಕೇಳದೆ ಕೋಲು ಇಸಿದುಕೊಂಡು ಮುದ್ದೆ ತಿರುವಿದಳು, ಬಡಿಸಿದಳು, ಊಟ ಮುಗಿಸಿದಳು.

"ಏನೇ, ಜ್ವರ ಗಿರ ಬಂದಿದ್ಯಾ?" ಎಂದರು ರುದ್ರಮ್ಮ. "ಒಂದು ಪ್ರಶ್ನೇನೂ ಕೇಳ್ತಿಲ್ಲ."

"ಕೇಳಲ್ಲ. ನೀನೇ ಹೇಳು."

ರುದ್ರಮ್ಮ ತಟ್ಟೆಯಂಚನ್ನು ಬೆರಳಿಂದ ಒರೆಸಿದರು. ಆಮೇಲೆ ಶುರುಮಾಡಿದವರು, ಮಂಡಿ, ಸೊಂಟ, ನಿದ್ದೆ, ಎಡಗೈ ಜೋಮು ಎಂದು ಒಂದೊಂದಾಗಿ ಹೇಳುತ್ತ ಹೋದರು. ನಿಲ್ಲಿಸುವ ಹೊತ್ತಿಗೆ ನಾಲ್ಕು ಗಂಟೆಯಾಗಿತ್ತು.