ಕಾಟಪ್ಪನ ಅರ್ಧ ಜಗಳಗಳು

ನಮ್ಮ ಬೀದಿಯ ಕಾಟಪ್ಪನನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಮಾರಿಕಣಿವೆ ನಾಲೆಯ ಏರಿ ಮೇಲೆ ಮೂವತ್ತು ವರ್ಷ ನೀರುಗಂಟಿಯಾಗಿ ನಡೆದವನು. ಆಗ ಮಾತಾಡಿಸಿದರೂ ಮಾತಿಲ್ಲ. ರಿಟೈರಾಗಿ ಸ್ವಲ್ಪ ದಿನಕ್ಕೆ ಆ ಬಾಯಿಗೆ ಯಾವ ದೆವ್ವ ಹೊಕ್ಕಿತೋ ಕಾಣೆ. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟನೆಂದರೆ ದಾರಿಯುದ್ದಕ್ಕೂ ಜಗಳ.

ಮೊದಲು ಮಂಜಣ್ಣನ ಅಂಗಡಿ. ಬೀಡಿ ಕಟ್ಟಿನಲ್ಲಿ ಎರಡು ಕಮ್ಮಿಯಂತೆ. ಆಮೇಲೆ ನನ್ನ ಬಾಗಿಲು.

"ಲೇ ಹುಲಿಗೆಮ್ಮ, ಬಚ್ಚಲ ನೀರು ರಸ್ತೆಗೆ ಬಿಟ್ಟೀಯಲ್ಲ, ರಸ್ತೆ ಏನ್ ನಿಮ್ಮಪ್ಪಂದಾ?"

ನಾನು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ಆಸಾಮಿ ನಡೆದುಬಿಡುತ್ತಿದ್ದ. ಜಗಳ ಅರ್ಧಕ್ಕೇ! ಬೈದವನು ಬೈಸಿಕೊಂಡು ಹೋಗಬೇಕಲ್ಲವೇ? ನಾನು ಹೊಲಕ್ಕೆ ಹೋಗಿದ್ದ ದಿನ ನನ್ನ ಕೋಳಿಗೆ ಬೈದು ಹೋದನಂತೆ. ಮೂರನೆಯದು ನೀರಿನ ಟ್ಯಾಂಕಿನ ಹತ್ತಿರ, ಬಿಂದಿಗೆ ಹಿಡಿದ ಹೆಂಗಸರ ಜೊತೆ. ಎರಡು ವರ್ಷ ಹೀಗೇ ನಡೆಯಿತು.

ಕಳೆದ ವರ್ಷ ನಮ್ಮೂರ ಶಾಲೆಗೆ ರಕ್ತನಾಳದ ರೋಗದ ಸಂಶೋಧನೆ ಮಾಡುವವರು ಬಂದರು. ತೋಳಿಗೂ ಕಣಕಾಲಿಗೂ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದರು. ಕಾಟಪ್ಪನನ್ನು ಅವನ ಹೆಂಡತಿ ಮಲ್ಲಕ್ಕ ಎಳೆದುಕೊಂಡು ಬಂದಿದ್ದಳು. ಸಾಲಿನಲ್ಲಿ ಅವರ ಹಿಂದೆಯೇ ನಾನು. ಪಲ್ಲವಿ ಎಂಬ ಡಾಕ್ಟರು ಅವನ ಬಲಗಾಲಿನ ಅಳತೆ ನೋಡಿ ಹುಬ್ಬು ಗಂಟಿಕ್ಕಿದಳು.

"ಅಜ್ಜ, ಕಾಲಿನ ರಕ್ತನಾಳ ಮುಚ್ಕೊಂಡಿದೆ. ಹೀಗೇ ಬಿಟ್ರೆ ಕಾಲೇ ತೆಗೀಬೇಕಾಗಬಹುದು. ಮುಚ್ಚಿದ ನಾಳದ ಪಕ್ಕ ಸಣ್ಣ ಸಣ್ಣ ಹೊಸ ನಾಳ ಬೆಳೆಸೋ ಇಂಜೆಕ್ಷನ್ ಪರೀಕ್ಷೆ ಮಾಡ್ತಿದೀವಿ. ನಡೆದಾಗ ಕಾಲು ನೋಯೋರನ್ನ ಮಾತ್ರ ಸೇರಿಸ್ಕೊಳ್ಳೋದು. ನಿಮಗೆ ಎಷ್ಟು ದೂರಕ್ಕೆ ನೋವು ಬರುತ್ತೆ?"

"ನೋವಾ? ದಿನಾ ಹತ್ತು ಮೈಲಿ ನಡೆದ ಕಾಲಮ್ಮ ಇದು. ಏನೂ ಇಲ್ಲ, ಬರ್ಕಳ್ರಿ."

"ಹೇಳ್ರಿ, ನಿಮ್ಮ ದಮ್ಮಯ್ಯ," ಎಂದು ಮಲ್ಲಕ್ಕ ಅತ್ತಳು. ಅವನು ಅವಳನ್ನೇ ದುರುಗುಟ್ಟಿ ನೋಡಿದ. ನೋವಿಲ್ಲದವರನ್ನು ಸೇರಿಸಿಕೊಳ್ಳಲು ಬರುವುದಿಲ್ಲವೆಂದು ಪಲ್ಲವಿ ಅವನ ಹೆಸರು ಹೊಡೆದುಹಾಕಲು ಪೆನ್ನು ಎತ್ತಿದಳು.

ನನಗೆ ತಡೆಯಲಾಗಲಿಲ್ಲ. ಊರವರೆದುರು ಅವನ ಮಾನ ಕಳೆಯಬೇಕೆಂದೇ ಬಾಯಿ ತೆಗೆದೆ.

"ಕಾಲು ಅಷ್ಟು ಗಟ್ಟಿ ಇದ್ದೋನಿಗೆ ಡೇರಿಗೆ ನೆಟ್ಟಗೆ ಹೋಗಾಕೇನು ಧಾಡಿ? ಮಂಜಣ್ಣನ ಅಂಗ್ಡಿತಾವ ನಿಂತು ಜಗಳ, ನನ್ ಬಾಗ್ಲಾಗೆ ನಿಂತು ಜಗಳ, ಟ್ಯಾಂಕ್ ತಾವ ನಿಂತು ಜಗಳ! ಒಂದಿನ ತಪ್ಪಿಲ್ಲ, ಒಂದು ಮಾರು ಆಚೀಚೆ ಆಗಿಲ್ಲ!"

ಪೆನ್ನು ನಿಂತಿತು. "ಎಷ್ಟು ಹೊತ್ತು ನಿಲ್ತಾರೆ?"

"ಎರಡು ನಿಮಿಷ. ನಾನು ಬಾಯಿ ತೆಗಿಯಾದ್ರಾಗೆ ಹೊಂಟಿರ್ತಾನೆ."

ಪಲ್ಲವಿ ಟೇಪು ಹಿಡಿದು ಬೀದಿಗೇ ಬಂದು ಅಳೆದಳು. ಮನೆಯಿಂದ ಅಂಗಡಿ, ಅಂಗಡಿಯಿಂದ ನನ್ನ ಬಾಗಿಲು, ಬಾಗಿಲಿಂದ ಟ್ಯಾಂಕು, ಮೂರೂ ಹೆಚ್ಚುಕಮ್ಮಿ ಒಂದೇ ದೂರ. ಈ ರೋಗದಲ್ಲಿ ಇಷ್ಟು ದೂರ ನಡೆದರೆ ನೋವು ಬರುತ್ತದೆ, ನಿಂತರೆ ಹೋಗುತ್ತದೆ ಎಂದಳು.

ಕಾಟಪ್ಪ ನೆಲ ನೋಡಿದ. "ನೀರುಗಂಟಿ ಕಾಲು ಸೋತು ನಿಂತ ಅಂದ್ರೆ ಜನ ನಗ್ತಾರೆ. ಜಗಳಕ್ಕೆ ನಿಂತ್ರೆ ಯಾರೂ ನಗಲ್ಲ."

ಪಾಪ ಅನ್ನಿಸಿತೇ? ಇಲ್ಲ, ಸಿಟ್ಟು ನೆತ್ತಿಗೇರಿತು. "ಕಾಲ್ನೋವು ಅಂದಿದ್ರೆ ಜಗಲಿ ಮ್ಯಾಲೆ ಕುಂತ್ಕ ಅಂತಿದ್ನಲ್ಲೋ ಪಾಪಿ! ಎರಡು ವರ್ಷ ನನ್ ಬಾಯಿ ಕಟ್ಟಿದೆಯಲ್ಲೋ!"

ಅವನನ್ನು ಸೇರಿಸಿಕೊಂಡರು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದೆಂದು ಚುಚ್ಚುವವರಿಗೂ ಗೊತ್ತಿರುವುದಿಲ್ಲವಂತೆ. ಬೀಡಿಯನ್ನೂ ಬಿಡಿಸಿದರು. ಯಾವುದು ಹಿಡಿಯಿತೋ, ಎಂಟು ತಿಂಗಳಿಗೆ ಕ್ಯಾನು ಹಿಡಿದು ನನ್ನ ಬಾಗಿಲ ಮುಂದೆ ನಿಲ್ಲದೆ ಹೋಗತೊಡಗಿದ. ತಿರುಗಿ ಕೂಡ ನೋಡುತ್ತಿರಲಿಲ್ಲ. ನಾನು ಬೇಕೆಂದೇ ಎರಡು ಕೊಡ ನೀರು ಹೆಚ್ಚಾಗಿ ರಸ್ತೆಗೆ ಚೆಲ್ಲಿದೆ. ಊಹೂಂ, ನಿಲ್ಲಲಿಲ್ಲ.

ಮೊನ್ನೆ ಮತ್ತೆ ನಿಂತ. ಅದೇ ಜಾಗ. ನಾಳ ಮತ್ತೆ ಮುಚ್ಚಿಕೊಂಡಿತೇ? ನನ್ನ ಕಣ್ಣು ಅವನ ಕಾಲಿಗೇ ಹೋಯಿತು.

"ಕಾಲೇನು ನೋಡ್ತೀಯ? ಕಾಲು ನೆಟ್ಟಗೈತೆ. ಬಚ್ಚಲ ನೀರಿಗೇ ನಿಂತೀನಿ. ಇವತ್ತು ಪೂರಾ ಬೈದೇ ಹೋಗಾದು."

ನಾನು ಸೆರಗು ಸಿಕ್ಕಿಸಿಕೊಂಡೆ. ಡೇರಿಯವರು ಬಾಗಿಲು ಹಾಕುವವರೆಗೂ ಅವನು ಕದಲಲಿಲ್ಲ, ನಾನೂ ಬಿಡಲಿಲ್ಲ.